ಔಷಧಕ್ಕೆ ಅಡ್ಡಿಯಿಲ್ಲ

ಕಳೆದ ವಾರ ನೇಸರಿಯಿಂದ ಒಬ್ಬ ಹೆಣ್ಣುಮಗಳು ಮೊದಲ ಬಸ್ಸಿಗೇ ಬಂದು, ಗಡಹಿಂಗ್ಲಜದ ನನ್ನ ದವಾಖಾನೆಯ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದಳು. ತಲೆನೋವಂತೆ. ಹಣೆಗೆ ಬಿಳಿ ಬಟ್ಟೆಯ ಪಟ್ಟಿಯೊಂದನ್ನು ಬಿಗಿದು ಕಟ್ಟಿಕೊಂಡಿದ್ದಳು. ಕಣ್ಣು ನೋಡೋಣವೆಂದು ಹತ್ತಿರ ಬಾಗಿದರೆ ಆ ಪಟ್ಟಿಯಿಂದ ಗಂಜಿಯದೂ ಮಷೀನಿನ ಎಣ್ಣೆಯದೂ ಕೂಡಿದ ವಾಸನೆ ಬಂತು.

"ನಿಮ್ಮವರು ಯಾರರ ಇಚಲಕರಂಜಿಯೊಳಗ ಅದಾರೇನ್ರಿ?" ಅಂದೆ.

"ಹೌದ್ರಿ, ನಮ್ಮ ಮೈದುನ ಮಗ್ಗದಾಗ ದುಡೀತಾನ. ನಿಮಗ ಹೆಂಗ ಗೊತ್ತಾತ್ರಿ?"

"ಮುಂಜಾನೆ ಚಹಾ ಆತೇನ್ರಿ?"

"ಬ್ಯಾಡ್ರಿ, ನನಗ್ಯಾಕ ಚಹಾ, ಮೊದಲ ತಲಿ ನೋಡ್ರಿ" ಎಂದು ಆಕೆ ನಾಚಿಕೊಂಡಳು. ಹೊರಗೆ ಸಾಲಿನಲ್ಲಿ ಕೂತವರು ನಕ್ಕರು. ಅವರಿಗೆ ರೂಢಿಯಾಗಿದೆ, ತಲೆನೋವೆಂದು ಬಂದವರನ್ನು ಈ ಡಾಕ್ಟರಬಾಯಿ ಮೊದಲು ಕೇಳುವುದು ರಾತ್ರಿ ಏನು ಉಂಡಿರಿ, ಎಷ್ಟು ನೀರು ಕುಡಿದಿರಿ, ಮುಂಜಾನೆ ಚಹಾ ಆಯಿತೋ ಇಲ್ಲವೋ ಎಂದು. ಆಮೇಲೆಯೇ ಬಿ.ಪಿ. ಪಟ್ಟಿ ತೆಗೆಯುವುದು. ಆಕೆಯನ್ನು ಕಳಿಸಿದ ಮೇಲೂ ಆ ವಾಸನೆ ಕೋಣೆಯಲ್ಲಿ ಸುಳಿದಾಡುತ್ತಿತ್ತು. ನನ್ನ ಮೊದಲ ನೌಕರಿಯ ಆ ಆರು ತಿಂಗಳು, ಮಿರಗದ ಮಳೆಯಿಂದ ಕಬ್ಬು ಕಡಿಯುವ ಕಾಲದವರೆಗಿನದು, ನನಗೆ ನೆನಪಾಗುವುದೇ ಹೀಗೆ, ಮೂಗಿನಿಂದ.

ಕೊಲ್ಹಾಪುರದಲ್ಲಿ ಓದು ಮುಗಿಸಿ ಇಚಲಕರಂಜಿಯ ಒಂದು ಆಸ್ಪತ್ರೆಗೆ ಸೇರಿದ್ದೆ. ಹೊಸಬರಿಗೆ ರಾತ್ರಿ ಪಾಳಿ ಎಂಬುದು ಅಲ್ಲಿ ಯಾರೂ ಬರೆದಿಡದ ಕಾಯಿದೆ. ವಾರಕ್ಕೆ ಮೂರು, ಕೆಲವೊಮ್ಮೆ ನಾಲ್ಕು. ಸಂಜೆ ಎಂಟಕ್ಕೆ ಒಳಗೆ ಹೋದರೆ ಮುಂಜಾನೆ ಎಂಟೂವರೆಗೆ ಹೊರಗೆ. ನಿದ್ದೆಗೆಡುವುದು ನನಗೆ ಹೊಸದಲ್ಲ, ಪರೀಕ್ಷೆಗೆಂದು ನಿದ್ದೆಗೆಟ್ಟಿದ್ದೆ. ಹೊಸದಾದದ್ದು ಆ ತಲೆನೋವು. ನಸುಕಿನ ನಾಲ್ಕರ ಸುಮಾರಿಗೆ ಬಲಗಣ್ಣಿನ ಹಿಂದೆ ಸಣ್ಣಗೆ ಶುರುವಾಗುತ್ತಿತ್ತು. ಮುಂದಿನ ಪಾಳಿಯವರಿಗೆ ಪೇಶೆಂಟುಗಳನ್ನು ಒಪ್ಪಿಸುವ ಹೊತ್ತಿಗೆ ಹಣೆಯೆಲ್ಲ ಹಿಡಿದು, ಹೊರಗೆ ಬಿಸಿಲಿಗೆ ಬಂದರೆ ರಿಕ್ಷಾದ ಹಾರ್ನು ನೇರ ತಲೆಯೊಳಗೇ ಹೊಡೆಯುತ್ತಿತ್ತು.

ಹಾಗೆ ಬಂದು ಮಲಗಬೇಕಾದದ್ದಾದರೂ ಎಲ್ಲಿ? ಮಗ್ಗಗಳ ನೆತ್ತಿಯ ಮೇಲೆ. ಬಾಡಿಗೆ ಕೋಣೆ ಸಿಕ್ಕದ್ದು ಪವರ್‌ಲೂಮಿನ ಶೆಡ್ಡಿಗೆ ಹತ್ತಿದ ಮಾಳಿಗೆಯಲ್ಲಿ. ಕೋಣೆ ತೋರಿಸಿದವಳು ನೀಲವ್ವ, ಆ ಮನೆಯೊಡತಿ. ರಬಕವಿ ಕಡೆಯಿಂದ ಗಂಡನ ಜೊತೆ ಬಂದು ಮೂವತ್ತು ವರ್ಷವಾಗಿತ್ತು. ಗಂಡ ಮಗ್ಗ ನಡೆಸುತ್ತಿದ್ದ, ಆಕೆ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. "ಸಪ್ಪಳಾ ಭಾಳ ಇಲ್ರಿ ಬಾಯಾರ, ಎರಡ ದಿನಾ ಅಷ್ಟ" ಎಂದು ಕೈಯಲ್ಲೇ ಎರಡು ಬೆರಳು ತೋರಿಸಿದ್ದಳು. ನೀಲವ್ವ ಮಾತಾಡುವ ರೀತಿಯೇ ಬೇರೆ. ಬಾಯಿ ಅಗಲಿಸಿ, ತುಟಿ ತಿದ್ದಿ ತಿದ್ದಿ, ಅರ್ಧ ಮಾತನ್ನು ಕೈಯಿಂದ ಮುಗಿಸುತ್ತಿದ್ದಳು. ಮಗ್ಗದ ಸದ್ದಿನಲ್ಲಿ ಬಾಳಿದವರೆಲ್ಲ ಹಾಗೆಯೇ. ಅವರು ಮಾತನ್ನು ಕಿವಿಯಿಂದ ಕೇಳುವುದಿಲ್ಲ, ಎದುರಿನವರ ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ನನಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಏನು ಮಾತಾಡಿದರೂ ಕಣ್ಣು ನೋಡದೆ ಬಾಯಿಯನ್ನೇ ದಿಟ್ಟಿಸುತ್ತಾಳಲ್ಲ ಈ ಹೆಂಗಸು, ಅಂತ.

ತಲೆನೋವಿನ ಆಪಾದನೆಯನ್ನು ಮೊದಲು ಮಗ್ಗದ ಮೇಲೆ ಹೊರಿಸಿದೆ. ಆದರೆ ನೋವು ನಾನು ಕೋಣೆಗೆ ಬರುವ ಮೊದಲೇ ಶುರುವಾಗುತ್ತಿತ್ತಲ್ಲ, ಅದು ನಡೆಯಲಿಲ್ಲ. ಆಮೇಲೆ ಕಣ್ಣಿನ ಮೇಲೆ ಹೊರಿಸಿ ಕನ್ನಡಕ ಮಾಡಿಸಿದೆ. ಕನ್ನಡಕದಿಂದ ತಲೆನೋವು ಸ್ಪಷ್ಟವಾಗಿ ಕಂಡಿತೇ ಹೊರತು ಕಡಿಮೆಯಾಗಲಿಲ್ಲ. ನಮ್ಮ ಹಿರಿಯ ಡಾಕ್ಟರು, "ನೈಟ್ ಡ್ಯೂಟಿ ಅಂದ್ರ ಹಂಗ, ರೂಢಿ ಆಗ್ತೈತಿ" ಅಂದರು. ಆಗಲಿಲ್ಲ. ಕಡೆಗೆ ಹೊಸ ಡಾಕ್ಟರುಗಳೆಲ್ಲ ಹೋಗುವ ಜಾಗಕ್ಕೇ ನಾನೂ ಹೋದೆ: ಮೆದುಳಿನಲ್ಲಿ ಗಂಟು. ಪುಸ್ತಕದಲ್ಲಿ ಓದಿದ ಲಕ್ಷಣಗಳೆಲ್ಲ ಒಂದೊಂದಾಗಿ ಬಂದು ನನ್ನ ತಲೆಯಲ್ಲಿ ಕೂತವು. ಬಸ್ಸಿಗೆ ಹೋದರೆ ಗುರುತಿನವರು ಸಿಕ್ಕಾರು ಎಂದು ಹಾತಕಣಂಗಲೆಗೆ ಹೋಗಿ ರೈಲು ಹಿಡಿದು, ಕೊಲ್ಹಾಪುರದಲ್ಲಿ ಯಾರಿಗೂ ಹೇಳದೆ ತಲೆಯ ಸ್ಕ್ಯಾನ್ ಮಾಡಿಸಿಕೊಂಡೆ. ಎಲ್ಲ ಸರಿಯಾಗಿದೆ ಎಂದು ರಿಪೋರ್ಟು ಬಂತು. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ನಿರಾಸೆಯೇ ಆಯಿತು.

ಇದೆಲ್ಲ ನಗುವ ಮಾತಾಗಿಯೇ ಉಳಿಯುತ್ತಿತ್ತೇನೋ. ಆದರೆ ಶ್ರಾವಣದ ಒಂದು ಮುಂಜಾನೆ, ಏಳೂವರೆಗೆ, ಅಕ್ಕಪಕ್ಕದ ಹಾಸಿಗೆಯಲ್ಲಿ ಇಬ್ಬರು ಸಖುಬಾಯಿಯರಿದ್ದರು. ಒಬ್ಬಳಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬಳಿಗೆ ಇಲ್ಲ. ಕಣ್ಣು ಅರ್ಧ ಮುಚ್ಚಿಕೊಂಡೇ ಒಬ್ಬಳ ಇನ್ಸುಲಿನ್ನನ್ನು ಮತ್ತೊಬ್ಬಳ ಕಾಗದದ ಮೇಲೆ ಬರೆದುಬಿಟ್ಟೆ. ಸಿಸ್ಟರು ಸಿರಿಂಜಿಗೆ ಕೈ ಹಾಕಿದವರು ನಿಂತರು. "ಮ್ಯಾಡಮ್, ಹೀ ತೀ ಸಖುಬಾಯಿ ನ್ಹವಂ" ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು, ಇವಳು ಆ ಸಖುಬಾಯಿ ಅಲ್ಲ ಎಂದು. ಅಷ್ಟೇ. ಯಾರಿಗೂ ಏನೂ ಆಗಲಿಲ್ಲ. ಸೂಜಿ ತಪ್ಪಿಸಿಕೊಂಡ ಸಖುಬಾಯಿ ಮಾತ್ರ ನನ್ನನ್ನು ನೋಡಿ, "ರಾತ್ರಿಯೆಲ್ಲ ಎದ್ದಾಳ ಪಾಪ ಕೂಸು" ಎಂದು ಪಕ್ಕದವಳಿಗೆ ಹೇಳುತ್ತಿದ್ದಳು. ನಾನು ಬರೆದದ್ದನ್ನು ಹೊಡೆದುಹಾಕಿ, ಸರಿಯಾದ ಕಾಗದದ ಮೇಲೆ ಮತ್ತೆ ಬರೆದೆ. ಆ ದಿನವೇ ರಾಜೀನಾಮೆ ಬರೆದು ಸ್ಟೆಥಾಸ್ಕೋಪಿನ ಚೀಲದಲ್ಲಿ ಇಟ್ಟುಕೊಂಡೆ. ಈ ತಲೆ ಹೊತ್ತು ಮತ್ತೊಬ್ಬರ ಜೀವ ಮುಟ್ಟುವ ಹಕ್ಕು ನನಗಿಲ್ಲ ಅನ್ನಿಸಿತ್ತು.

ಕೋಣೆಗೆ ಬಂದರೆ ಮೆಟ್ಟಿಲ ಬುಡದಲ್ಲಿ ನೀಲವ್ವ ನೂಲು ಸುತ್ತುತ್ತಿದ್ದಳು. ನಾನು ಗೋಡೆ ಹಿಡಿದು ಹತ್ತುವುದನ್ನು ನೋಡಿ ಕೆಲಸ ನಿಲ್ಲಿಸಿ ಎದ್ದು ಬಂದಳು. ಎಂದಿನಂತೆ ನನ್ನ ಬಾಯಿಯನ್ನೇ ನೋಡಿದಳು.

"ಬಾಯಾರ, ಒಂದ ಮಾತ ಕೇಳ್ತೇನಿ, ಸಿಟ್ಟ ಆಗಬ್ಯಾಡ್ರಿ. ರಾತ್ರಿ ಡ್ಯೂಟಿಗೆ ಹೋಗಿ ಬಂದಾಗೆಲ್ಲ ನಿಮ್ಮ ತುಟಿ ಒಣಗಿ ಬಿರದಿರತಾವು. ಹಗಲಿ ಡ್ಯೂಟಿ ಇದ್ದಾಗ ಹಂಗ ಇರಂಗಿಲ್ಲ. ರಾತ್ರಿ ಏನ್ ಉಣತೀರಿ?"

"ಏನೂ ಇಲ್ಲ."

"ನೀರ?"

"ನೀರೂ ಇಲ್ಲ."

ನೀಲವ್ವ ಕೈಯನ್ನು ಗಲ್ಲಕ್ಕೆ ಹಚ್ಚಿಕೊಂಡು ನಿಂತಳು. ಆಗ ಹೇಳಬೇಕಾಯಿತು. ನಾವು ದತ್ತವಾಡದ ಜೈನರು. ನಮ್ಮ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯುತ್ತದೆ. ಆದರೆ ಬೇಗ ಉಣ್ಣುವುದು ಬೇರೆ, ನೇಮ ಹಿಡಿಯುವುದು ಬೇರೆ. ನಾನು ಹನ್ನೆರಡನೆಯ ಇಯತ್ತೆಯಲ್ಲಿದ್ದಾಗ ಊರಿಗೆ ಮುನಿ ಮಹಾರಾಜರೊಬ್ಬರು ಚಾತುರ್ಮಾಸಕ್ಕೆ ಬಂದಿದ್ದರು. ಆಯಿ, ಎಂದರೆ ನನ್ನ ತಂದೆಯ ತಾಯಿ, ನನ್ನನ್ನು ಅವರ ಮುಂದೆ ಕೂರಿಸಿ, "ಈಕಿ ಡಾಕ್ಟರ್ ಆಗಬೇಕಂತಾಳ್ರಿ, ಒಂದ್ ನೇಮ ಕೊಡ್ರಿ" ಅಂದಿದ್ದಳು. ಅವರು ಕೊಟ್ಟರು: ಹೊತ್ತು ಮುಳುಗಿದ ಮೇಲೆ ಅನ್ನ ನೀರು ಮುಟ್ಟಬಾರದು, ಔಷಧಕ್ಕೆ ಅಡ್ಡಿಯಿಲ್ಲ. ಕಾಲೇಜಿನಲ್ಲಿ ಅದು ತೊಂದರೆಯೇ ಅನ್ನಿಸಿರಲಿಲ್ಲ. ಸಂಜೆ ಉಂಡು, ಓದಿ, ಮಲಗಿದರಾಯಿತು. ಮನುಷ್ಯರು ರಾತ್ರಿಯಿಡೀ ಓಡಾಡಿ ದುಡಿಯುತ್ತಾರೆ ಎಂಬುದು ನೇಮ ಹಿಡಿಯುವಾಗ ನನಗೂ ಆಯಿಗೂ ಹೊಳೆದಿರಲಿಲ್ಲ.

"ಮತ್ತ ತಲಿ ನೋವಿಗೆ ಗುಳಿಗಿ ತಗೋತೀರಲ್ಲ, ಅದನ್ನ ಹೆಂಗ ನುಂಗತೀರಿ?"

"ಎರಡ ಗುಟಕ ನೀರಾಗ. ಔಷಧಕ್ಕ ಅಡ್ಡಿ ಇಲ್ಲಲ್ಲ."

ನೀಲವ್ವ ಬಹಳ ಹೊತ್ತು ನಗಲಿಲ್ಲ, ತಡೆದುಕೊಂಡಳು. ಆಮೇಲೆ ಆಗಲಿಲ್ಲ. "ಗುಳಿಗಿ ಬಿಟ್ಟ ನೀರಷ್ಟ ಕುಡೀರಿ ನನ್ನವ್ವ!" ಎಂದು ಕಣ್ಣೊರೆಸಿಕೊಂಡಳು. ಐದೂವರೆ ವರ್ಷ ವೈದ್ಯಕೀಯ ಓದಿದವಳು ನಾನು. ಹದಿನಾಲ್ಕು ತಾಸು ಅನ್ನ ನೀರಿಲ್ಲದೆ ದುಡಿದರೆ ತಲೆ ನೋಯುತ್ತದೆ ಎಂದು ಕಂಡುಹಿಡಿಯಲಿಕ್ಕೆ ನೂಲು ಸುತ್ತುವವಳು ಬೇಕಾದಳು. ಪೇಶೆಂಟಾಗಿ ಬೇರೆ ಯಾರಾದರೂ ಬಂದಿದ್ದರೆ ನಾನೂ ಕೇಳುತ್ತಿದ್ದೆನೋ ಏನೋ. ನನ್ನ ನೇಮ ನನಗೆ ಎಷ್ಟು ಒಳಗೆ ಇಳಿದಿತ್ತೆಂದರೆ, ಅದನ್ನು ಕಾರಣಗಳ ಸಾಲಿನಲ್ಲಿ ನಿಲ್ಲಿಸಬಹುದು ಎಂಬ ಯೋಚನೆಯೇ ಬರಲಿಲ್ಲ.

ನಾನು ಮೇಲೆ ಹತ್ತುವ ಮೊದಲು ಆಕೆ ಮಗ್ಗದಲ್ಲಿ ಕೆಟ್ಟ ಬಟ್ಟೆಯಿಂದ ಹರಿದ ಒಂದು ಪಟ್ಟಿಯನ್ನು ನನ್ನ ಹಣೆಗೆ ಬಿಗಿದಳು. ಗಂಜಿ, ಎಣ್ಣೆ ವಾಸನೆಯ ಪಟ್ಟಿ. ಆ ದಿನ ಮಗ್ಗದ ಸದ್ದಿನಲ್ಲೇ ಸಂಜೆಯವರೆಗೆ ಮಲಗಿದೆ.

ಆದರೆ ಕಾರಣ ತಿಳಿದ ಮಾತ್ರಕ್ಕೆ ನೇಮ ಬಿಡಲಾಗುತ್ತದೆಯೇ? ಆಯಿ ನನಗೆ ಬರೀ ಅಜ್ಜಿಯಾಗಿರಲಿಲ್ಲ. ಶಾಲೆಯಲ್ಲಿ ನಾನು ಕಲಿತದ್ದು ಮರಾಠಿ. ಗಡಿಯಾಚೆಯ ಊರಿನಿಂದ ಸೊಸೆಯಾಗಿ ಬಂದ ಆಯಿ ಸ್ಲೇಟು ಹಿಡಿಸಿ ಕನ್ನಡ ಅಕ್ಷರ ಕಲಿಸಿದಳು. ಒಂದು ಅಕ್ಷರ ತಪ್ಪಿದರೆ ಊಟದ ತಟ್ಟೆ ತಡವಾಗುತ್ತಿತ್ತು. ಆಕೆ ಅರವತ್ತು ವರ್ಷ ರಾತ್ರಿ ನೀರು ಮುಟ್ಟಿದವಳಲ್ಲ. ಜೀವನದಲ್ಲಿ ಆಕೆಗಿದ್ದ ಚಟ ಒಂದೇ, ಮುಂಜಾನೆಯ ಚಹಾ. ಸೂರ್ಯ ಏರಿದ ಮೇಲೆ ಕಪ್ಪಿನಿಂದ ಬಶಿಗೆ ಸುರುವಿಕೊಂಡು, ಮೂರು ಮನೆಗೆ ಕೇಳುವಂತೆ ಸುರ್ ಎಂದು ಎಳೆಯುತ್ತಿದ್ದಳು. ಆ ಸಪ್ಪಳಕ್ಕೇ ನಾವೆಲ್ಲ ಏಳುತ್ತಿದ್ದದ್ದು.

ರಜೆಯ ದಿನ ದತ್ತವಾಡಕ್ಕೆ ಹೋಗಿ ಎಲ್ಲ ಹೇಳಿದೆ. ತಲೆನೋವು, ಇಬ್ಬರು ಸಖುಬಾಯಿಯರು, ಚೀಲದಲ್ಲಿದ್ದ ರಾಜೀನಾಮೆ. ಹಣೆಗೆ ಕಟ್ಟಿಕೊಳ್ಳುತ್ತಿದ್ದ ಪಟ್ಟಿಯನ್ನು ತೋರಿಸಿದರೆ ಆಯಿ ಅದನ್ನು ಇಸಿದುಕೊಂಡು, ತಿರುಗಿಸಿ ತಿರುಗಿಸಿ ನೋಡಿ, ತನ್ನ ಹತ್ತಿರವೇ ಇಟ್ಟುಕೊಂಡಳು. ಎರಡು ದಿನದ ಮೇಲೆ ಅವಳದೇ ಫೋನು.

"ಪದ್ದೀ, ಮಹಾರಾಜರ ಕಡೆ ಕೇಳಸೇನಿ. ಬಿಟ್ಟರ ನಡೀತೈತಂತ. ಡ್ಯೂಟಿ ಇದ್ದ ರಾತ್ರಿ ನೀರ ಕುಡಿ, ಉಣ್ಣ. ಆ ಚೀಟಿ ಹರದ ಒಗಿ."

ಹರಿದು ಒಗೆದೆ. ಮುಂದಿನ ಪಾಳಿಗೆ ಹೊರಟಾಗ ನೀಲವ್ವ ಒಂದು ಡಬ್ಬಿ ಕೈಗಿಟ್ಟಳು, ಜೋಳದ ರೊಟ್ಟಿ, ಶೇಂಗಾ ಚಟ್ನಿ. "ಬಳ್ಳೊಳ್ಳಿ ಹಾಕಿಲ್ರಿ, ಒಳಕಲ್ಲ ಸುದ್ದಾ ತೊಳದೇನಿ" ಅಂದಳು. ರಾತ್ರಿ ಡಬ್ಬಿ ತೆಗೆದಾಗ ಕಳ್ಳತನ ಮಾಡಿದ ಹಾಗಾಗಿ ಅತ್ತಿತ್ತ ನೋಡಿ ಮೊದಲ ತುತ್ತು ತಿಂದೆ. ಎಂಟು ದಿನದಲ್ಲಿ ತಲೆನೋವು ಹೋಯಿತು. ಮುಂಜಾನೆ ಆಸ್ಪತ್ರೆಯಿಂದ ಹೊರಗೆ ಬಂದರೆ ಬಿಸಿಲು ಬರೀ ಬಿಸಿಲಾಗಿತ್ತು. ಅದೇ ಸಖುಬಾಯಿ ಡಿಸ್ಚಾರ್ಜ್ ಆಗಿ ಹೋಗುವಾಗ ನನ್ನ ಗಲ್ಲ ಮುಟ್ಟಿ ಲಟಿಕೆ ಮುರಿದಳು. ನನಗೆ ಈ ಕೆಲಸವೇ ಸಾಕು, ಜೀವಮಾನವಿಡೀ ಸಾಕು ಅನ್ನಿಸಿತು.

ಆಯಿಗೆ ಆಗ ಹೊಸದೊಂದು ಚಾಳಿ ಹತ್ತಿತು. ಪ್ರತಿ ರವಿವಾರ ಫೋನು ಮಾಡಿ, "ಈ ವಾರ ಎಂದೆಂದ ರಾತ್ರಿ ಡ್ಯೂಟಿ?" ಎಂದು ಕೇಳುವಳು. ನಾನು ಹೇಳಿದ್ದನ್ನು ಮತ್ತೆ ಒಪ್ಪಿಸುವಳು: "ಮಂಗಳವಾರ, ಬುಧವಾರ, ಶನಿವಾರ. ಬರೋಬರ್?" ಪಾಳಿ ಬದಲಾದರೆ ತಿಳಿಸು ಎಂದು ತಾಕೀತು. ಒಂದೆರಡು ಸಲ ನಾನು ರೇಗಿದ್ದೂ ಉಂಟು, "ನೀ ಏನ್ ಬದಲಿ ಡ್ಯೂಟಿಗೆ ಬರತೀಯೇನ ಆಯಿ?" ಎಂದು. ಆಕೆ ನಕ್ಕು ಫೋನಿಟ್ಟಿದ್ದಳು.

ದಸರೆ ಕಳೆದು ದೀಪಾವಳಿ ಬಂತು. ಅವ್ವ ಫೋನಿನಲ್ಲಿ, "ಆಯಿಗೆ ಈಗೀಗ ತಲಿಶೂಲಿ ಎದ್ದೈತಿ ನೋಡ, ಒಂದಿನ ಇರತೈತಿ, ಒಂದಿನ ಇರಂಗಿಲ್ಲ" ಅಂದಳು. ನಾನು ವಾರ್ಡಿನಲ್ಲಿ ನಡೆಯುತ್ತಲೇ ಒಂದು ಗುಳಿಗೆಯ ಹೆಸರು ಹೇಳಿದೆ. ಮತ್ತೆ ಹದಿನೈದು ದಿನಕ್ಕೆ ಅದೇ ಮಾತು. ಬಿ.ಪಿ. ನೋಡಿಸಲು ಹೇಳಿದೆ, ಸರಿಯಿತ್ತು. ಕಣ್ಣು ತೋರಿಸಲು ಹೇಳಿದೆ. ವಯಸ್ಸಾಯಿತು, ಹಾಗೇ ಎಂದೂ ಹೇಳಿದೆ. ನನಗೆ ನಮ್ಮ ಹಿರಿಯ ಡಾಕ್ಟರು ಹೇಳಿದ ಧಾಟಿಯಲ್ಲೇ ಹೇಳಿದೆ. ನೀಲವ್ವ ನನಗೆ ಕೇಳಿದ ಒಂದು ಪ್ರಶ್ನೆಯನ್ನು ನಾನು ಆಯಿಗೆ ಕೇಳಲಿಲ್ಲ. ಈ ತಪ್ಪಿಗೆ ಇವತ್ತಿಗೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ.

ಕಬ್ಬು ಕಡಿಯುವ ಕಾಲ. ಒಂದು ದಿನ ರಾತ್ರಿ ಪಾಳಿ ಮುಗಿದವಳೇ ಮಲಗಲು ಹೋಗದೆ ಬಸ್ಸು ಹತ್ತಿದೆ. ಆಯಿಯ ತಲೆಯನ್ನು ನಾನೇ ಒಮ್ಮೆ ನೋಡಬೇಕು ಅನ್ನಿಸಿತ್ತು. ಯಾರಿಗೂ ತಿಳಿಸಿರಲಿಲ್ಲ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು, ಬಸ್ಸು ಅವುಗಳ ಹಿಂದೆ ತೆವಳಿ ತೆವಳಿ ಹತ್ತರ ಸುಮಾರಿಗೆ ಊರು ಮುಟ್ಟಿತು. ಮನೆಯ ಪಡಸಾಲೆಯಲ್ಲಿ ಆಯಿ ಗೋಡೆಗೆ ಒರಗಿ ಕೂತಿದ್ದಳು. ಹಣೆಗೆ ನೀಲವ್ವನ ಆ ಪಟ್ಟಿ ಬಿಗಿದಿತ್ತು. ಕಣ್ಣು ಮುಚ್ಚಿದ್ದಳು.

ಅವ್ವ ಎಲ್ಲರಿಗೂ ಎರಡನೆಯ ಚಹಾ ತಂದಳು. ಅಪ್ಪನಿಗೆ ಕೊಟ್ಟಳು, ನನಗೆ ಕೊಟ್ಟಳು, ಆಯಿಯ ಮುಂದಿನಿಂದ ತಾಟು ಹಾಗೆಯೇ ಹಾಯ್ದು ಹೋಯಿತು. ಆಯಿಯ ಬಶಿ ಗೂಡಿನಲ್ಲಿ ಬೋರಲು ಬಿದ್ದಿತ್ತು.

"ಆಯಿಗೆ?"

ಅವ್ವ ಆಯಿಯ ಮುಖ ನೋಡಿದಳು. ಆಯಿ ಕಣ್ಣು ತೆರೆಯದೆ, "ಮುಂಜಾನೆ ಆಗೈತಿ" ಅಂದಳು.

ನಾನು ಆಕೆಯ ತುಟಿ ನೋಡಿದೆ. ಆರು ತಿಂಗಳು ಮಗ್ಗದವರ ನಡುವೆ ಇದ್ದವಳು, ಅಷ್ಟು ಕಲಿತಿದ್ದೆ. "ಅವ್ವಾ, ಖರೇ ಹೇಳ."

"ನಿನ್ನ ರಾತ್ರಿ ಡ್ಯೂಟಿ ಇದ್ದ ಮರುದಿನಾ ಆಕಿ ಚಹಾ ಮುಟ್ಟಂಗಿಲ್ಲ" ಎಂದಳು ಅವ್ವ, ಒಮ್ಮೆಲೇ. "ನಿನಗ ಹೇಳಿದ್ರ ನನ್ನ ಮ್ಯಾಲ ಆಣಿ ಅಂದಿದ್ಲು. ಮೂರ ತಿಂಗಳಾತ."

ಪ್ರತಿ ರವಿವಾರದ ಆ ಫೋನು ಆಗ ನನಗೆ ಅರ್ಥವಾಯಿತು. ಆಯಿಯ ಎದುರಿಗೇ ನೆಲದ ಮೇಲೆ ಕೂತುಬಿಟ್ಟೆ. "ಮಹಾರಾಜರು ಬಿಡಬಹುದು ಅಂದಿದ್ರಲ್ಲ?"

"ಎಲ್ಲಿ ಕೇಳಲಿ? ಅವರು ನಡಕೋತ ಎಲ್ಲೆಲ್ಲಿ ಹೋಗ್ಯಾರೋ." ಆಯಿ ಈಗ ಕಣ್ಣು ತೆರೆದಳು. "ನೇಮ ಹಿಡಿಸಿದಾಕಿ ನಾನು. ನಿನಗ ಆಗವಲ್ದು ಅಂದ್ರ ಅದನ್ನ ಹಂಗ ನೆಲಕ್ಕ ಬಿಡಾಕ ಬರತೈತೇನ? ನಾ ಹಿಡಕೊಂಡ್ನಿ. ರಾತ್ರಿದಂತೂ ನನಗ ಮೊದಲ ಇಲ್ಲ. ಬಿಡಾಕ ಚಹಾ ಒಂದ ಉಳದಿತ್ತ."

"ಅದಕ್ಕ ತಲಿ ನೋಯಾಕತ್ತೈತಿ ಆಯಿ. ರೂಢಿ ಆದ ಚಹಾ ತಪ್ಪಿದ್ರ ತಲಿ ನೋಯತೈತಿ."

"ನೋಯ್ಲಿ ಬಿಡ. ನಿಂದ ನಿಂತತಲ್ಲ."

ನಾನು ಚೀಲದಿಂದ ಚೀಟಿಯ ಪುಸ್ತಕ ತೆಗೆದೆ. ಕಣ್ಣು ಮಂಜಾಗಿತ್ತು, ಕನ್ನಡ ಬರೆದು ವರ್ಷಗಳಾಗಿತ್ತು. ಆದರೂ ಆಯಿ ಓದಬೇಕಲ್ಲ, ಕನ್ನಡದಲ್ಲೇ ಬರೆದೆ: ಹೆಸರು, ವಯಸ್ಸು, ಚಹಾ, ದಿನಾ ಮುಂಜಾನೆ ಒಂದು ಕಪ್ಪು, ಬಶಿಯಲ್ಲಿ. ಕೆಳಗೆ, ಇದು ಅವುಷದ. ಸಹಿ ಹಾಕಿ ಕೈಗಿತ್ತೆ. "ಔಷಧಕ್ಕ ಅಡ್ಡಿ ಇಲ್ಲ ಅಂದಿದ್ರಲ್ಲ ಅವರು? ಡಾಕ್ಟರ್ ಬರದ ಕೊಟ್ಟಾಳ. ತಗೋ."

ಆಯಿ ಚೀಟಿಯನ್ನು ದೂರ ಹಿಡಿದು ಓದಿದಳು. ಎರಡು ಸಲ ಓದಿದಳು. ಆಮೇಲೆ ಕೈ ಚಾಚಿ ನನ್ನ ಪೆನ್ನು ಇಸಿದುಕೊಂಡಳು. 'ಅವುಷದ'ವನ್ನು ಹೊಡೆದು, ಪಕ್ಕದಲ್ಲಿ ದುಂಡಗೆ 'ಔಷಧ' ಎಂದು ಬರೆದಳು. "ಔ ಇನ್ನೂ ಬರಂಗಿಲ್ಲ ನಿನಗ. ಡಾಕ್ಟರ್ ಹೆಂಗ ಆದಿ?" ಎಂದು, ಅವ್ವನ ಕಡೆ ತಿರುಗಿ ಗೂಡಿನ ಬಶಿ ತೋರಿಸಿದಳು.

ಅವ್ವ ಓಡಿದಂತೆಯೇ ಚಹಾ ತಂದು ಸುರುವಿದಳು. ಆಯಿ ಬಶಿ ಎತ್ತಿದವಳು ಅರ್ಧಕ್ಕೇ ನಿಲ್ಲಿಸಿ ಏನೋ ಲೆಕ್ಕ ಹಾಕುವವಳ ಹಾಗೆ ನನ್ನನ್ನು ನೋಡಿದಳು. "ಅಲ್ಲ ಪದ್ದೀ. ಚಹಾ ನನಗ ಔಷಧ ಆದ್ರ, ರಾತ್ರಿ ನೀರೂ ನಿನಗ ಔಷಧಾನ ಇತ್ತಲ್ಲ? ಹಂಗಂದ್ರ ನಿನ್ನ ನೇಮ ಮುರದಾ ಇಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತೆವು. ಮೊದಲು ಆಯಿಗೇ ನಗು ಬಂತು. ಭುಜ ಕುಣಿದು ಬಶಿ ತುಳುಕಿ ಸೀರೆಯ ಮೇಲೆ ಚಹಾ ಚೆಲ್ಲಿತು. ಅವ್ವ ನಕ್ಕಳು, ಏನೂ ತಿಳಿಯದ ಅಪ್ಪನೂ ನಕ್ಕ. ಉಳಿದದ್ದನ್ನು ಆಯಿ ತುಟಿಗಿಟ್ಟು ಸುರ್ ಎಂದು ಎಳೆದಳು, ಮೂರು ಮನೆಗೆ ಕೇಳುವಂತೆ. ಆ ಸಪ್ಪಳ ಕೇಳಿ ನನಗೆ ತಡೆಯಲಾಗಲಿಲ್ಲ. ಆಕೆಯ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಆಯಿ ಒಂದು ಕೈಯಲ್ಲಿ ಬಶಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ತನ್ನ ಹಣೆಯ ಪಟ್ಟಿ ಬಿಚ್ಚಿ ನನ್ನ ಕಣ್ಣೊರೆಸಿದಳು.

"ಸಾಕ ಬಿಡವ್ವ, ಅಳಬ್ಯಾಡ" ಅಂದಳು. "ತಲಿ ನೋಯತೈತಿ."